ಹೇಳಿದರೆ ಹೋಗುವ ಪದ್ಯ

ಪದ್ಯವನ್ನು ಬಾಯಿಬಿಟ್ಟು ಹೇಳಿದರೆ ಅದು ಕೇಳಿದವರ ಪಾಲಾಗಿ, ಹೇಳಿದವರಿಗೆ ಮರೆತುಹೋಗುತ್ತದೆ. ಅದಕ್ಕೇ ದಾಕ್ಷಾಯಣಿ, ನಿದ್ದೆಯಲ್ಲಿ ಕನವರಿಸಿ ಕಳೆದುಕೊಂಡೇನೆಂಬ ಭಯಕ್ಕೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಅವ್ವ ಕೊಟ್ಟುಹೋದ, ಎದೆಗೆ ಧೈರ್ಯ ತುಂಬುವ ಒಂದೇ ಪದ್ಯ.

ಇವತ್ತು ಗಂಡ ಆಪರೇಷನ್ ಕೋಣೆಯಲ್ಲಿದ್ದ. ಹೊರಗೆ ಬೆಂಚಿನ ಮೇಲೆ ಕೂತು ಅವಳು ಅದನ್ನೇ ಮನಸ್ಸಿನೊಳಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯ ತಾಯಿಯೂ ಒಳಗಿದ್ದಳು; ಹುಡುಗಿ ಗಡಗಡ ನಡುಗುತ್ತಿದ್ದಳು. ನೋಡಲಾಗದೆ ದಾಕ್ಷಾಯಣಿ ಅವಳ ಕಿವಿಯಲ್ಲಿ ಪದ್ಯ ಹೇಳಿಬಿಟ್ಟಳು.

ಹುಡುಗಿಯ ನಡುಕ ನಿಂತಿತು. ದಾಕ್ಷಾಯಣಿ ತುಟಿ ಆಡಿಸಿ ನೋಡಿದಳು; ಪದ್ಯದ ಒಂದು ಸಾಲೂ ಬರಲಿಲ್ಲ.

"ಅರ್ಧಾ ತಿರುಗಿ ನಿಮಗ ಹೇಳ್ಲೇನ್ರಿ, ಅಕ್ಕಾರ?" ಎಂದಳು ಹುಡುಗಿ.

"ಹೇಳವ್ವಾ, ಲಗೂನ ಹೇಳು."

ಅರ್ಧರ್ಧ ಪದ್ಯ ಇಟ್ಟುಕೊಂಡು ಇಬ್ಬರೂ ಕೈ ಹಿಡಿದು ಕೂತರು.

ಬಾಗಿಲು ತೆರೆಯಿತು. ನರ್ಸ್ ದಾಕ್ಷಾಯಣಿಯ ಹೆಸರು ಕೂಗಿದಳು.

ಇಬ್ಬರೂ ಎದ್ದರು.