ಅಧ್ಯಕ್ಷರ ಲೋಟ

ಎಸೆದ ಕಸ ಬೆಳಗಾಗುವುದರೊಳಗೆ ಎಸೆದವರ ದಿಂಬಿನ ಮೇಲೆ ಬಂದು ಬೀಳಲು ಶುರುವಾಗಿ ಆರು ವರ್ಷವಾಯಿತು. ಹಾಗಾಗಿ ನಮ್ಮ ಹೈಸ್ಕೂಲಿನಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ. ಸ್ಟೀಲ್ ಡಬ್ಬಿ, ಬಟ್ಟೆ ಚೀಲ, ಮಸಿ ಪೆನ್ನು. ಬಾಳೆಹಣ್ಣಿನ ಸಿಪ್ಪೆಯನ್ನೂ ಗಿಡದ ಬುಡಕ್ಕೆ ಹೂಳುತ್ತೇವೆ.

ದೊಡ್ಡವರು ಬೇರೆ ಉಪಾಯ ಕಂಡುಕೊಂಡಿದ್ದಾರೆ. ಶಾಲಾ ಸಮಿತಿಯ ಅಧ್ಯಕ್ಷರು ಬಂದಾಗ ನಮ್ಮಲ್ಲೊಬ್ಬರು ಅವರ ಗಲ್ಲದಡಿ ಲೋಟ ಹಿಡಿಯಬೇಕು. ಅವರು ಅದಕ್ಕೆ ಗುಟ್ಕಾ ಉಗುಳುತ್ತಾರೆ. "ಹೊರಗ ಚೆಲ್ಲಿ ಬಾರವ್ವಾ" ಎನ್ನುತ್ತಾರೆ ಹೆಡ್ಮಾಸ್ತರು ಹೊಸಮನಿ ಸರ್. ಚೆಲ್ಲಿದವರು ನಾವಾದ್ದರಿಂದ ಅದು ಬರುವುದು ನಮ್ಮ ದಿಂಬಿಗೆ.

ಕಳೆದ ತಿಂಗಳು ನನ್ನ ಸರದಿ. ಬೆಳಿಗ್ಗೆ ಎದ್ದರೆ ಕೆನ್ನೆ, ಜಡೆ, ಕಿವಿಯೊಳಗೆಲ್ಲ ಕೆಂಪು ಲೋಳೆ. ಮೂರು ಸಲ ತಲೆಗೆ ನೀರು ಹಾಕಿಕೊಂಡರೂ ಆ ಹೊಲಸು ವಾಸನೆ ಹೋಗಲಿಲ್ಲ. ಅವ್ವ ದಿಂಬನ್ನೇ ಸುಟ್ಟಳು.

ನಿನ್ನೆ ನಮಗೆ 'ಕಸಮುಕ್ತ ಶಾಲೆ' ಪ್ರಶಸ್ತಿ ಬಂತು. ವೇದಿಕೆಯ ಮೇಲೆ ಅಧ್ಯಕ್ಷರು ಗುಟ್ಕಾ ತುಂಬಿ ಬಾಯಿ ಉಬ್ಬಿಸಿಕೊಂಡು ಕೂತಿದ್ದರು. ಭಾಷಣಕ್ಕೆ ಅವರ ಹೆಸರು ಕರೆದದ್ದೇ ಹೊಸಮನಿ ಸರ್ ನನ್ನತ್ತ ತಿರುಗಿದರು.

"ಶಿವಲೀಲಾ, ಲಗೂನ ಲೋಟ ತಾರವ್ವಾ."

ತಂದು ಅಧ್ಯಕ್ಷರ ಮುಂದೆ ಮೇಜಿನ ಮೇಲಿಟ್ಟೆ. ಅದರ ತುಂಬ ಮಣ್ಣು, ನಡುವೆ ಚೆಂಡುಹೂವಿನ ಪುಟ್ಟ ಸಸಿ.

"ಲೋಟದಾಗ ಗಿಡ ಹಚ್ಚೇವ್ರಿ ಸರ್" ಎಂದೆ. ಪ್ರಶಸ್ತಿ ಕೊಡಲು ಬಂದವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಸಭೆ ತಟ್ಟಿತು.

ಅಧ್ಯಕ್ಷರು ನಮ್ಮ ಸಾಲಿನತ್ತ ನೋಡಿದರು. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ಮೈಕು ಕಾಯುತ್ತಿತ್ತು. ಅವರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಸ್ವಚ್ಛತೆಯ ಬಗ್ಗೆ ಮಾತಾಡಿದರು.