ಮೊಂಬಾಸಾದ ಉಡಿಯಕ್ಕಿ

ಅಕ್ಷತೆಯ ಅಕ್ಕಿಕಾಳು ಒಗೆಯಲು ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಆಫ್ರಿಕಾದ ಮೊಂಬಾಸಾದಲ್ಲಿ ಭೂಗೋಳ ಕಲಿಸುವ ಬಸಗೊಂಡಪ್ಪ ಮಾಸ್ತರ, ಊರಿನ ಮುಹೂರ್ತವನ್ನು ಇಲ್ಲಿಯ ಗಡಿಯಾರಕ್ಕೆ ಹೊಂದಿಸುವಾಗ ಸುಮಾರು ಮೂರು ತಾಸು ಕಳೆಯುವ ಬದಲು ಕೂಡಿಸಿದ್ದ! ಯುದ್ಧದ ದೆಸೆಯಿಂದ ಹಡಗು ಸಿಗದೆ, ಒಬ್ಬಳೇ ತಂಗಿ ಗುರುಬಸವ್ವನಿಗೆ ಇಲ್ಲಿಂದಲೇ ಅಕ್ಕಿಕಾಳು ಹಾಕಬೇಕೆಂದಿದ್ದ. ತನ್ನೂರು ನಿಡೋಣಿಯಲ್ಲಿ ಲಗ್ನ ಮಧ್ಯಾಹ್ನವೇ ಆಗಿಹೋಗಿ, ಅಲ್ಲಿ ಈಗ ಹೊತ್ತು ಮುಳುಗುತ್ತಿತ್ತು.

“ಎಲ್ಲಾ ಮುಗದು ಹೋತು,” ಎಂದು ಕಾಳನ್ನು ತಾಟಿಗೆ ಸುರುವಿದ.

ಅದೇ ಸಾಲಿಯಲ್ಲಿ ಲೆಕ್ಕ ಕಲಿಸುವ ಹೆಂಡತಿ ನೀಲಾಬಾಯಿ ನಗಲಿಲ್ಲ. ಗುರುಬಸವ್ವ ಹೊಲಿದುಕೊಟ್ಟಿದ್ದ ಕೌದಿ ತಂದು, ಅದರ ಅಂಚನ್ನು ಸೆರಗಿನಂತೆ ಅವನ ಕೈಗೆ ಹಿಡಿಸಿದಳು.

“ಮುಗದಿಲ್ಲರಿ. ಈಗ ಆಕಿ ಗಂಡನ ಮನಿಗೆ ಹೊಂಟಿರತಾಳ. ಉಡಿ ತುಂಬಾಕ ಅತ್ತಿಗಿ ಬ್ಯಾಡೇನು?” ಎಂದು ಬೊಗಸೆ ತುಂಬ ಅಕ್ಕಿ ಎತ್ತಿದಳು. “ಸರಿಯಾದ ಹೊತ್ತಿಗೇ ಬಂದೇವಿ. ಗಟ್ಟಿಯಾಗಿ ಹಿಡೀರಿ.”