ಅಗ್ಗದ ದ್ವೀಪ

"ಡಾಕ್ಟರ ಸರ್ಟಿಫಿಕೇಟನ್ನೇ ಕೇಳದ ಜಾಗ ಒಂದು ಸಿಕ್ಕಿದೆ, ಅಕ್ಕಾ," ಎಂದ ಅಳಿಯ. ಅಕ್ಕನ ಕೈಯಲ್ಲಿದ್ದ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿತು.

ಲೆಕ್ಕಕ್ಕೆ ಅವನು ತಂಗಿಯ ಗಂಡ. ಆದರೆ ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದವಳು ಅಕ್ಕ. ಹಾಗಾಗಿ ಅವಳ ಪಾಲಿಗೆ ಅವನು ಅಳಿಯನೇ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸ, ಬಾಯಿ ತುಂಬ ಮಾತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ತಂಗಿ ಆಸ್ಪತ್ರೆಯ ಕೆಲಸ ಮುಗಿಸಿ ಅಕ್ಕನ ಹೊಲಿಗೆ ಅಂಗಡಿಗೆ ಬಂದು ಕೂರುವುದು, ಸಂಜೆ ಅವನು ಬಂದು ಕರೆದೊಯ್ಯುವುದು ವಾಡಿಕೆ.

"ಎಂಥ ಜಾಗ?" ಎಂದಳು ಅಕ್ಕ.

"ಸ್ಕೂಬಾ ಕಲಿಸೋ ಜಾಗ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು. ಹೊರದೇಶದ ದೊಡ್ಡ ಸ್ಕೂಲುಗಳು ನಮ್ಮಂಥವರ ಕೈಗೆಟುಕಲ್ಲ. ಒಂದು ಕಡೆ ವಿಮಾನ ದುಬಾರಿ, ಇನ್ನೊಂದು ಕಡೆ ರೂಮು ದುಬಾರಿ. ಹುಡುಕಿದ್ದೇ ಹುಡುಕಿದ್ದು, ಕೊನೆಗೆ ಈ ದ್ವೀಪ ಸಿಕ್ತು. ಬಲು ಅಗ್ಗ. ಎದೆ ಪರೀಕ್ಷೆ, ಕಿವಿ ಪರೀಕ್ಷೆ, ಯಾವ ರಗಳೆಯೂ ಇಲ್ಲ."

ಅಕ್ಕ ತಂಗಿಯ ಕಡೆ ತಿರುಗಿದಳು. "ನಿನಗೆ ಆಸೆ ಇದೆಯೇನೇ?"

"ತುಂಬಾ ಆಸೆ, ಅಕ್ಕಾ," ಎಂದಳು ತಂಗಿ, ಫೋನಿನಿಂದ ತಲೆ ಎತ್ತದೆ.

"ಅಷ್ಟು ಅಗ್ಗ ಅಂದ್ರೆ ನನಗೆ ಭಯ."

"ಭಯ ಯಾಕೆ? ಒಬ್ಬರ ಹೆಸರಿಗೆ ಒಬ್ಬರು ವಿಮೆ ಮಾಡಿಸಿದ್ದೀವಲ್ಲ," ಎಂದು ಅಳಿಯ ನಕ್ಕ. ತಂಗಿಯೂ ನಕ್ಕಳು, ತುಸು ತಡವಾಗಿ.

ಅಕ್ಕನಿಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ತಂಗಿಗೆ ನ್ಯುಮೋನಿಯಾ ಆಗಿತ್ತು. ಆ ಪುಟ್ಟ ಎದೆ ಗೊರಗುಟ್ಟಿದ ಸದ್ದು ಇಂದಿಗೂ ಅವಳ ಕಿವಿಯಲ್ಲಿತ್ತು. ಅಂಥವಳನ್ನು ಪರೀಕ್ಷೆಯಿಲ್ಲದೆ ನೀರಿನ ತಳಕ್ಕೆ ಇಳಿಸುವುದೇ? ಅದೂ ವಿಮೆ ಮಾಡಿಸಿ?

ಅಂದಿನಿಂದ ಅಳಿಯನ ಮೇಲೆ ಒಂದು ಕಣ್ಣಿಟ್ಟಳು. ಕಣ್ಣಿಟ್ಟಷ್ಟೂ ಅನುಮಾನ ಬೆಳೆಯಿತು. ಅಂಗಡಿ ಇದ್ದದ್ದು ಎರಡನೇ ಮಹಡಿಯಲ್ಲಿ. ಅವನ ಹೆಜ್ಜೆ ಸದ್ದು ಮೇಲಿನ ಮೆಟ್ಟಿಲಿನವರೆಗೂ ಬಂದು ನಿಲ್ಲುತ್ತಿತ್ತು. ಬಾಗಿಲು ತಟ್ಟುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ. ಹೊರಗೆ ನಿಂತು ಅಕ್ಕತಂಗಿಯರ ಮಾತು ಕದ್ದು ಕೇಳುತ್ತಾನೆಂದು ಖಾತ್ರಿಯಾಗಿ, ಒಮ್ಮೆ ಥಟ್ಟನೆ ಬಾಗಿಲು ತೆರೆದಳು. ಗೋಡೆಗೆ ಒರಗಿದ್ದವನು ಬೆಚ್ಚಿಬಿದ್ದ.

"ಫೋನ್ ಬಂದಿತ್ತು," ಎಂದ. ಕೈಯಲ್ಲಿ ಫೋನ್ ಇರಲಿಲ್ಲ.

ಮಾರನೆಯ ದಿನವೇ ಅಕ್ಕ ಅಂಗಡಿ ಮುಚ್ಚಿ, ಅವರು ಟಿಕೆಟ್ ಮಾಡಿಸಿದ್ದ ಟ್ರಾವೆಲ್ಸ್ ಆಫೀಸಿಗೆ ಹೋದಳು. ಅಲ್ಲಿನ ಏಜೆಂಟ್ ಮಾತುಗಾರ.

"ಇಬ್ಬರೂ ಕಲೀತಾರಾ?" ಎಂದು ಕೇಳಿದಳು.

"ಇಲ್ಲಮ್ಮ. ನೀರಿಗೆ ಇಳಿಯೋದು ಒಬ್ಬರೇ. ಇನ್ನೊಬ್ಬರು ದಡದಲ್ಲೇ ಇರ್ತಾರೆ."

ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಆ ದ್ವೀಪದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಬುಕ್ ಮಾಡೋಕೆ ಬಂದಾಗ ಅವರೂ ಅದನ್ನೇ ಕೇಳಿದ್ರು. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ, ದೋಣೀಲಿ ಅರ್ಧ ದಿನ ಹೋಗಬೇಕು ಅಂದೆ. ಹಾಗಾದ್ರೆ ಬೇಡ ಅಂತಾರೆ ಅಂದ್ಕೊಂಡ್ರೆ, ಇದೇ ಇರಲಿ ಅಂದ್ರು."

ಅಕ್ಕ ಹೆಚ್ಚು ಯೋಚಿಸಲಿಲ್ಲ. ಹೊಸ ಯಂತ್ರಕ್ಕೆಂದು ಕೂಡಿಟ್ಟದ್ದನ್ನೆಲ್ಲ ತಂದು ಅವನ ಮೇಜಿನ ಮೇಲಿಟ್ಟಳು. "ಡಾಕ್ಟರು ಎದೆ ನೋಡದೆ ಯಾರನ್ನೂ ನೀರಿಗೆ ಬಿಡದ ಸ್ಕೂಲು ಯಾವುದೋ, ಅಲ್ಲಿಗೆ ಬದಲಾಯಿಸಿ. ಮದುವೆ ಉಡುಗೊರೆ ಅಂತ ಹೇಳಿ."

ಸುದ್ದಿ ತಿಳಿದ ತಂಗಿ ಒಬ್ಬಳೇ ಬಂದಳು. ಕೂರಲಿಲ್ಲ.

"ಯಾರನ್ನ ಕೇಳಿ ಬದಲಾಯಿಸಿದೆ?"

"ಜೀವಕ್ಕಿಂತ ಅಗ್ಗ ದೊಡ್ಡದಲ್ಲ ಕಣೇ. ಡಾಕ್ಟರು ನೋಡಿ ಸರಿ ಅಂದ್ರೆ ಇಳಿಸಲಿ. ನನಗೆ ಅಷ್ಟು ಸಾಕು."

ತಂಗಿ ಅವಳನ್ನೇ ದಿಟ್ಟಿಸಿದಳು. "ನಿನಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಯಾರು ಹೇಳಬೇಕು? ನನಗೆ ಎಲ್ಲಾ ಅರ್ಥವಾಗಿದೆ."

ತಂಗಿಯ ಮುಖ ಬಿಳಿಚಿಕೊಂಡಿತು. ಪಾಪ, ಇವಳಿಗೂ ಒಳಗೊಳಗೇ ಗಂಡನ ಮೇಲೆ ಸಂಶಯವಿದೆ ಎಂದು ಅಕ್ಕ ಮರುಗಿದಳು. ತಲೆ ಸವರಲು ಕೈ ಚಾಚಿದಳು. ತಂಗಿ ಹಿಂದೆ ಸರಿದು, ಮೆಟ್ಟಿಲಿಳಿದು ಹೋದಳು.

ಅವರು ಹೊರಟ ಮೇಲೆ ಅಕ್ಕನ ಹೊಲಿಗೆಯೆಲ್ಲ ಸೊಟ್ಟ ಸೊಟ್ಟ. ಕೊನೆಗೊಂದು ಬೆಳಿಗ್ಗೆ ಫೋನ್ ಬಂತು. ಅಳಿಯನ ದನಿ.

"ಅವಳೆಲ್ಲಿ? ಹುಷಾರಾಗಿದ್ದಾಳಾ?"

"ಅವಳಿಗೇನಾಗಿದೆ, ಅಕ್ಕಾ? ರೂಮಿನಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ದಾಳೆ, ನನ್ನ ಹತ್ತಿರ ಮಾತೇ ಆಡ್ತಿಲ್ಲ. ಕಲಿಯೋಕೆ ಬಂದಿದ್ದು ನಾನು. ನನಗೆ ನೀರು ಕಂಡ್ರೇ ಆಗಲ್ಲ, ಆದ್ರೂ ಅವಳ ಆಸೆಗೆ ಇಲ್ಲ ಅನ್ನೋಕಾಗಲಿಲ್ಲ." ಅವನ ಮಾತು ತಡವರಿಸಿತು. "ಅಕ್ಕಾ, ನಿಮ್ಮ ಕಾಲಿಗೆ ಬೀಳಬೇಕು. ಇಲ್ಲಿನ ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನ ವಾಪಸ್ ಕಳಿಸಿಬಿಟ್ರು. ಶ್ವಾಸಕೋಶದಲ್ಲಿ ದೊಡ್ಡ ಗುಳ್ಳೆ ಇದೆಯಂತೆ. ನೀರಿಗೆ ಇಳಿದಿದ್ರೆ, ಮೇಲೆ ಬರುವಾಗ ಅದು ಒಡೆದು ಅಲ್ಲೇ ಮುಗೀತಿತ್ತಂತೆ."

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಇಷ್ಟು ದಿನ ಯಾರನ್ನು ಏನೆಂದುಕೊಂಡಿದ್ದೆ ಎಂದು ನಾಚಿಕೆಯಾಯಿತು. "ನಿಮಗೆ ಮೊದಲೇ ಏನೂ ಗೊತ್ತಾಗಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ ಅಂತ ಮದುವೆಯಾದ ಹೊಸದರಲ್ಲೇ ಹೇಳಿದ್ದೆ, ಇವಳೇ ತನ್ನ ಆಸ್ಪತ್ರೇಲಿ ಎಕ್ಸ್‌ರೇ ತೆಗೆಸಿ, ತಾನೇ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬಂದು, ಏನೂ ಇಲ್ಲ, ಕಬ್ಬಿಣದಂಥ ಎದೆ ಅಂದಿದ್ಲು."